ಚಪ್ಪರದ ದಿನ ಪ್ಲಂಬರ್ ಹುಡುಕಬೇಡಿ

ಹೋದ ಸಲ ಮದುವೆಗಳ ಕಾಲದಲ್ಲಿ ನಮ್ಮ ಬೀದಿಯ ಒಂದು ಮನೆಯಲ್ಲಿ ಚಪ್ಪರದ ದಿನವೇ ಬಚ್ಚಲುಮನೆಯ ನಲ್ಲಿ ಬುಡದಲ್ಲೇ ಮುರಿಯಿತು. ಮನೆ ತುಂಬ ನೆಂಟರು. ನೀರು ನಡುಮನೆಗೆ ಬಂತು, ಅಕ್ಕಿ ಮೂಟೆ ನೆನೆಯಿತು, ಯಜಮಾನರು ಫೋನ್ ಹಿಡಿದು ಸಿಕ್ಕಸಿಕ್ಕವರನ್ನೆಲ್ಲ ಪ್ಲಂಬರ್ ಗೊತ್ತಾ ಎಂದು ಕೇಳುತ್ತಿದ್ದರು. ನಾನು ಕೇಳಿದ್ದು ಒಂದೇ ಮಾತು: "ಗೇಟ್ ವಾಲ್ ಎಲ್ಲಿದೆ?" ಹನ್ನೆರಡು ವರ್ಷದಿಂದ ಆ ಮನೆಯಲ್ಲಿದ್ದವರಿಗೆ ಒಬ್ಬರಿಗೂ ಗೊತ್ತಿರಲಿಲ್ಲ. ಮೇಲಿನ ಸಾವಿರ ಲೀಟರಿನ ಟ್ಯಾಂಕು ಪೂರ್ತಿ ಬರಿದಾದ ಮೇಲೆಯೇ ನೀರು ನಿಂತಿದ್ದು. ಸಂಜೆ ಯಾರೋ ಒಬ್ಬರು ಬಂದರು, ಬಾಯಿಗೆ ಬಂದಷ್ಟು ಕೇಳಿದರು, ನಾಲ್ಕು ಟೈಲ್ಸ್ ಒಡೆದರು, ಹೋದರು. ಮುಂದಿನ ವಾರ ಅದೇ ಜಾಗದಲ್ಲಿ ಮತ್ತೆ ಜಿನುಗು. ಫೋನ್ ಮಾಡಿದರೆ ಸ್ವಿಚ್ ಆಫ್.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವುದು ಇದಕ್ಕೇ. ಮನೆಗೆ ಟಿವಿ ತರುವಾಗ ನೀವು ಮೂರು ಅಂಗಡಿ ಸುತ್ತುತ್ತೀರಿ, ರೇಷ್ಮೆ ಸೀರೆಗೆ ವಿಜಯಪುರ, ಚಿಂತಾಮಣಿ, ಬೆಂಗಳೂರು ಎಲ್ಲ ನೋಡಿ ಬರುತ್ತೀರಿ. ಗೋಡೆಯೊಳಗೆ ಇಪ್ಪತ್ತು ಮೂವತ್ತು ವರ್ಷ ಕಣ್ಣಿಗೆ ಕಾಣದೆ ಇರಬೇಕಾದ ಪೈಪಿನ ಕೆಲಸವನ್ನು ಮಾತ್ರ ಮೊದಲು ಫೋನ್ ಎತ್ತಿದವರ ಕೈಗೆ ಕೊಡುತ್ತೀರಿ. ನೀರು ನುಗ್ಗುತ್ತಿರುವಾಗ ಯಾರನ್ನೂ ಪರೀಕ್ಷೆ ಮಾಡಲು ಆಗುವುದಿಲ್ಲ, ಚೌಕಾಸಿಯೂ ನಡೆಯುವುದಿಲ್ಲ. ಹಾಗಾಗಿ ಮನೆಯಲ್ಲಿ ಎಲ್ಲವೂ ಸರಿಯಾಗಿರುವ ದಿನವೇ ಹುಡುಕಿ.

ಎಲ್ಲಿ ಹುಡುಕುವುದು? ನಮ್ಮ ಸೂಲಿಬೆಲೆಯಂಥ ಊರಿನಲ್ಲಿ ಇದು ಕಷ್ಟವಲ್ಲ, ಕೇಳುವ ತಾಳ್ಮೆ ಬೇಕು ಅಷ್ಟೆ. ಮೊದಲು ಪಂಚಾಯಿತಿಯ ನೀರುಗಂಟಿಯನ್ನು ಕೇಳಿ. ಬೀದಿಬೀದಿಯ ವಾಲ್ ತಿರುಗಿಸುವವರಿಗೆ ಯಾರ ಮನೆಯ ಕೆಲಸ ನಿಂತಿದೆ, ಯಾರದು ಸೋರಿದೆ ಎಂಬ ಚರಿತ್ರೆಯೆಲ್ಲ ಗೊತ್ತಿರುತ್ತದೆ. ಆಮೇಲೆ ಟೈಲ್ಸ್ ಹಾಕುವವರನ್ನು ಕೇಳಿ. ಪ್ಲಂಬರ್ ಮಾಡಿದ ತಪ್ಪಿಗೆ ಟೈಲ್ಸ್ ಒಡೆದು ಮತ್ತೆ ಹಾಕುವವರು ಅವರೇ, ಆದ್ದರಿಂದ ಅವರ ಮಾತಿಗೆ ತೂಕವಿದೆ. ಹಾರ್ಡ್‌ವೇರ್ ಅಂಗಡಿಯವರನ್ನೂ ಕೇಳಬಹುದು, ಆದರೆ ಅವರು ತಮ್ಮ ಗಿರಾಕಿಯ ಹೆಸರನ್ನೇ ಹೇಳುತ್ತಾರೆ ಎಂಬುದು ನೆನಪಿರಲಿ. ನೆರೆಯವರನ್ನು ಕೇಳುವಾಗ ಒಂದು ಸೂಕ್ಷ್ಮ ಇದೆ. ಹೋದ ವಾರ ಕೆಲಸ ಮಾಡಿಸಿದವರನ್ನು ಕೇಳಬೇಡಿ, ಹೋದ ವಾರದ ಕೆಲಸ ಎಲ್ಲರದೂ ಚೆನ್ನಾಗಿಯೇ ಇರುತ್ತದೆ. ಎರಡು ಮಳೆಗಾಲ ಕಳೆದ ಕೆಲಸವನ್ನು ನೋಡಿ. ಬಚ್ಚಲುಮನೆಯ ಹಿಂಬದಿ ಗೋಡೆಯಲ್ಲಿ ಬಣ್ಣ ಉಬ್ಬಿದೆಯೇ, ಉಪ್ಪಿನ ಪುಡಿ ಬಂದಿದೆಯೇ ಎಂದು ಕಣ್ಣಾರೆ ನೋಡಿ ಬನ್ನಿ.

ವಿಮಾನ ನಿಲ್ದಾಣ 2008ರಲ್ಲಿ ಶುರುವಾದಾಗಿನಿಂದ ನಮ್ಮ ಹೊಸಕೋಟೆ–ದೇವನಹಳ್ಳಿ ರಸ್ತೆಯ ಎರಡೂ ಕಡೆ ಬಡಾವಣೆಗಳು, ಗೋದಾಮುಗಳು ಎದ್ದಿವೆ. ಅವುಗಳ ಜೊತೆ ಹೊರಗಿನ ಕೆಲಸಗಾರರೂ ಬಂದಿದ್ದಾರೆ. "ಹಿಂದಿಯವರು, ಅವರಿಗೇನು ಗೊತ್ತು" ಎಂದು ಮೂಗು ಮುರಿಯುವವರನ್ನು ನಾನು ನೋಡಿದ್ದೇನೆ. ಹಾಗೆನ್ನಬೇಡಿ. ಪ್ಲಂಬಿಂಗ್ ಕೆಲಸಕ್ಕೆ ದೇಶದಲ್ಲೆಲ್ಲ ಹೆಸರಾದದ್ದು ಒಡಿಶಾದ ಕೇಂದ್ರಪಾಡ ಜಿಲ್ಲೆ. ಅಲ್ಲಿನ ಪಟ್ಟಾಮುಂಡೈಯಲ್ಲಿ ಈ ವಿದ್ಯೆ ಕಲಿಸಲೆಂದೇ ಸರ್ಕಾರದ ಸಂಸ್ಥೆ ಇದೆ. ತಲೆಮಾರುಗಳಿಂದ ಅಪ್ಪನಿಂದ ಮಗನಿಗೆ ಬಂದ ಕಸುಬು ಅದು. ನಮ್ಮ ಹುಡುಗರಲ್ಲೂ ಐಟಿಐನಲ್ಲಿ ಒಂದು ವರ್ಷದ ಪ್ಲಂಬರ್ ತರಬೇತಿ ಪಡೆದವರಿದ್ದಾರೆ, ಒಳ್ಳೆಯ ಮೇಸ್ತ್ರಿಯ ಕೈಕೆಳಗೆ ಹತ್ತು ವರ್ಷ ಪಳಗಿದವರೂ ಇದ್ದಾರೆ. ಊರು, ಭಾಷೆ ನೋಡಿ ನಂಬುವುದೂ ಬೇಡ, ಸಂಶಯಪಡುವುದೂ ಬೇಡ. ಕೆಲಸ ನೋಡಿ.

ಕೆಲಸ ನೋಡುವುದು ಹೇಗೆ ಅನ್ನುತ್ತೀರಾ? ದೊಡ್ಡ ಕೆಲಸ ಕೊಡುವ ಮೊದಲು ಒಂದು ಸಣ್ಣ ಕೆಲಸ ಕೊಡಿ. ಸಿಂಕಿನ ಕೆಳಗಿನ ಪೈಪು ಬದಲಾಯಿಸುವುದು, ಫ್ಲಶ್ ಟ್ಯಾಂಕಿನ ಬಾಲ್ ಕಾಕ್ ಸರಿಮಾಡುವುದು, ಇಂಥದ್ದು. ಪಕ್ಕದಲ್ಲಿ ನಿಂತು ಗಮನಿಸಿ. ತಿಳಿದವರು ಬಂದ ಕೂಡಲೇ ಸುತ್ತಿಗೆ ಎತ್ತುವುದಿಲ್ಲ. ಟ್ಯಾಂಕು ಎಲ್ಲಿದೆ, ವಾಲ್ ಎಲ್ಲಿದೆ, ಬೋರ್ ನೀರೋ ಪಂಚಾಯಿತಿ ನೀರೋ, ಎಷ್ಟು ದಿನದಿಂದ ಸೋರುತ್ತಿದೆ ಎಂದು ಮೊದಲು ಕೇಳುತ್ತಾರೆ. ಪೈಪು ಕತ್ತರಿಸಿದ ಮೇಲೆ ಅಂಚಿನ ಸಿಬಿರನ್ನು ಕೆರೆದು ನಯ ಮಾಡುತ್ತಾರೆ. ನಲ್ಲಿ ತಿರುಗಿಸುವಾಗ ಒಂದು ಪಾನಾದಲ್ಲಿ ಹಿಂದಿನ ಫಿಟಿಂಗನ್ನು ಹಿಡಿದುಕೊಂಡು ಇನ್ನೊಂದರಲ್ಲಿ ತಿರುಗಿಸುತ್ತಾರೆ. ಒಂದೇ ಪಾನಾ ಹಾಕಿ ಬಲ ಬಿಟ್ಟರೆ ಗೋಡೆಯೊಳಗಿನ ಜೋಡಣೆ ಬಿರುಕು ಬಿಡುತ್ತದೆ. ಚಪ್ಪರದ ದಿನ ಮುರಿದ ನಲ್ಲಿಯ ಕಥೆಯೂ ಅದೇ ಇದ್ದೀತು. ಕೆಲಸ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಕಾಲು ಗಂಟೆ ಕಾದು, ಬೆರಳು ಸವರಿ ನೋಡುವವರಾದರೆ ಅವರ ನಂಬರು ಬರೆದಿಟ್ಟುಕೊಳ್ಳಿ.

ಇನ್ನು ಕೆಲವರು ಬಂದವರೇ ಹಿಂದಿನ ಪ್ಲಂಬರನ್ನು ಬೈಯಲು ಶುರುಮಾಡುತ್ತಾರೆ. ಇವನು ಹಾಳುಮಾಡಿದ್ದಾನೆ, ಎಲ್ಲ ಕಿತ್ತು ಹೊಸದಾಗಿ ಹಾಕಬೇಕು ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಿತ್ತು ಹಾಕಬೇಕಾದ ಸಂದರ್ಭ ಇಲ್ಲವೆಂದಲ್ಲ, ಹಳೆಯ ಜಿಐ ಪೈಪು ತುಕ್ಕು ಹಿಡಿದು ಒಳಗೆ ಕಿರಿದಾಗಿದ್ದರೆ ಬದಲಾಯಿಸಲೇಬೇಕು. ಆದರೆ ಎಲ್ಲಿ ಕೆಟ್ಟಿದೆ, ಏಕೆ ಕೆಟ್ಟಿದೆ ಎಂದು ತೋರಿಸಿ ಹೇಳಲಾರದವರ ಮಾತಿಗೆ ಗೋಡೆ ಒಡೆಸಬೇಡಿ. ಇನ್ನೊಬ್ಬರನ್ನು ಕರೆದು ಕೇಳಿ, ನೋಡಿದ್ದಕ್ಕೆ ಅವರಿಗೆ ಕೊಡಬೇಕಾದ್ದು ಕೊಡಿ. ಪುಕ್ಕಟೆ ಸಲಹೆ ಕೇಳಿ ಬರಿಗೈಯಲ್ಲಿ ಕಳಿಸುವುದು ಮರ್ಯಾದೆಯಲ್ಲ.

ದುಡ್ಡಿನ ಮಾತು ಮೊದಲೇ ಆಡಿ. "ನೋಡಿ ಕೊಡಿ ಅಕ್ಕಾ" ಎಂದು ಅವರೂ, "ಆಮೇಲೆ ನೋಡೋಣ ಬನ್ನಿ" ಎಂದು ನೀವೂ ಅಂದುಕೊಂಡರೆ ಜಗಳಕ್ಕೆ ಅಲ್ಲಿಂದಲೇ ದಾರಿ. ದಿನಗೂಲಿಯೋ, ಪಾಯಿಂಟ್ ಲೆಕ್ಕವೋ, ಪೂರ್ತಿ ಗುತ್ತಿಗೆಯೋ? ಸಾಮಾನು ಸೇರಿಯೋ, ಬರೀ ಕೂಲಿಯೋ? ಗೋಡೆ ಕೊರೆದದ್ದನ್ನು ಸಿಮೆಂಟ್ ಹಾಕಿ ಮುಚ್ಚುವವರು ಯಾರು, ಒಡೆದ ಕಸ ಎತ್ತುವವರು ಯಾರು? ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಮುಂಗಡ ಕೊಡುವಾಗ ಜಾಗ್ರತೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಸಾಮಾನಿನ ದುಡ್ಡನ್ನು ಅಂಗಡಿಗೆ ನೀವೇ ಹೋಗಿ ಕೊಡಿ, ಬಿಲ್ ನಿಮ್ಮ ಹೆಸರಿನಲ್ಲಿ ಬರಲಿ, ಮಿಕ್ಕಿದ ಎಲ್ಬೋ, ಟೀಗಳನ್ನು ವಾಪಸು ಕೊಡಲು ಅದೇ ಆಧಾರ. ಕೂಲಿಯನ್ನು ಕೆಲಸ ಆದಷ್ಟಕ್ಕೆ ಆಯಾ ದಿನ ಕೊಡಿ, ಕೊನೆಯ ಒಂದು ಪಾಲನ್ನು ಮಾತ್ರ ಒಂದು ವಾರ ನೀರು ಬಿಟ್ಟು ನೋಡಿದ ಮೇಲೆ ಎಂದು ಮೊದಲೇ ಹೇಳಿರಿ. ಆ ವಾರ ಕಳೆದ ಮೇಲೆ ಅವರು ಕೇಳುವವರೆಗೆ ಕಾಯಿಸಬೇಡಿ. ಕೆಲಸಗಾರರ ದುಡ್ಡು ಹಿಡಿದಿಟ್ಟುಕೊಂಡವರ ಮನೆಗೆ ರಾತ್ರಿ ಹತ್ತು ಗಂಟೆಗೆ ಯಾರೂ ಓಡಿ ಬರುವುದಿಲ್ಲ.

ಇಲ್ಲಿ ನಮ್ಮ ಮನೆಯ ಒಂದು ಸಂಗತಿ ಹೇಳಲೇಬೇಕು. ನಾವು ಮಹಡಿ ಕಟ್ಟಿಸುವಾಗ ಒಬ್ಬರು ಬಹಳ ಕಡಿಮೆಗೆ ಒಪ್ಪಿಕೊಂಡರು. ಗೀಸರಿನಿಂದ ಬರುವ ಬಿಸಿನೀರಿಗೂ ತಣ್ಣೀರಿನ ಬಿಳಿ ಪೈಪನ್ನೇ ಹಾಕಿ ಗೋಡೆ ಮುಚ್ಚಿಬಿಟ್ಟರು. ಮೂರನೆಯ ಚಳಿಗಾಲಕ್ಕೆ ಪೈಪು ಮೆತ್ತಗಾಗಿ ಜೋಡಣೆ ಬಿಟ್ಟುಕೊಂಡಿತು, ಕೆಳಗಿನ ಕೋಣೆಯ ಸಜ್ಜಾವರೆಗೆ ನೀರು ಇಳಿಯಿತು. ಉಳಿಸಿದ್ದರ ನಾಲ್ಕರಷ್ಟು ಖರ್ಚಾಯಿತು. ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡ ಹಾಗೆ. ಅವತ್ತಿನಿಂದ ಪೈಪಿನ ಮೇಲೆ ಏನು ಬರೆದಿದೆ ಎಂದು ಓದದೆ ನಾನು ಅಂಗಡಿಯಿಂದ ಎದ್ದಿಲ್ಲ.

ನೀವೂ ಓದಿ, ಕಷ್ಟವೇನಿಲ್ಲ. ಬಿಸಿನೀರಿಗೆ ಸಿಪಿವಿಸಿ ಪೈಪು, ಸಾಮಾನ್ಯವಾಗಿ ಕೆನೆ ಬಣ್ಣದ್ದು, ಅದರ ಐಎಸ್ ನಂಬರು 15778. ಅದು 93 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ತಣ್ಣೀರಿನ ಯುಪಿವಿಸಿ ಪೈಪು 45 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತದೆ, ನಮ್ಮ ಮನೆಯಲ್ಲಿ ಆದದ್ದು ಅದೇ. ಬಚ್ಚಲು, ಕಕ್ಕಸಿನ ನೀರು ಹೊರಗೆ ಹೋಗುವುದಕ್ಕೆ ಎಸ್‌ಡಬ್ಲ್ಯುಆರ್ ಪೈಪು, ಅದರ ನಂಬರು 13592. ಸಿಪಿವಿಸಿಗೂ ಯುಪಿವಿಸಿಗೂ ಅಂಟಿಸುವ ಸಲ್ಯೂಷನ್ನೂ ಬೇರೆ ಬೇರೆ. "ಎಲ್ಲಕ್ಕೂ ಇದೇ ನಡೆಯುತ್ತೆ" ಎಂದು ಒಂದೇ ಡಬ್ಬಿ ಹಿಡಿದು ಬಂದವರನ್ನು ಅಲ್ಲೇ ನಿಲ್ಲಿಸಿ. ಸಲ್ಯೂಷನ್ ಹಾಕಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಬೇಕು. ಇಲ್ಲಿ ತಪ್ಪು ಹೆಚ್ಚಾಗಿ ನಿಮ್ಮದೇ. "ಬೇಗ ನೀರು ಬಿಡಪ್ಪಾ, ಅಡುಗೆ ಆಗಬೇಕು" ಎಂದು ಅವಸರ ಮಾಡುವವರು ನೀವು, ಆಮೇಲೆ ಸೋರಿತು ಎಂದು ದೂರುವವರೂ ನೀವು. ಕೆಲಸದ ದಿನ ನಾಲ್ಕು ಬಿಂದಿಗೆ, ಎರಡು ಬಕೆಟ್ಟು ತುಂಬಿಟ್ಟುಕೊಂಡರೆ ಈ ಅವಸರವೇ ಇರುವುದಿಲ್ಲ.

ಹೊಸ ಮನೆ ಕಟ್ಟಿಸುತ್ತಿದ್ದರೆ ಮೂರು ಕೆಲಸ ಬಿಡಲೇಬೇಡಿ. ಗೋಡೆಗೆ ಗಾರೆ ಹಾಕುವ ಮೊದಲು ಎಲ್ಲ ಪಾಯಿಂಟುಗಳಿಗೂ ಮುಚ್ಚಳ ಹಾಕಿಸಿ, ಕೈಪಂಪಿನಲ್ಲಿ ನೀರಿನ ಒತ್ತಡ ಏರಿಸಿ, ಗೇಜಿನ ಮುಳ್ಳು ಎಲ್ಲಿದೆ ಎಂದು ಗುರುತು ಮಾಡಿ ರಾತ್ರಿಯಿಡೀ ಬಿಡಿಸಿ. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ ಎಂದು ಅರ್ಥ. ಮೇಸ್ತ್ರಿಗೆ ಅವಸರ ಇರುತ್ತದೆ, ನಿಮಗೆ ಇರಬಾರದು. ಎರಡನೆಯದು, ಗಾರೆ ಬೀಳುವ ಮೊದಲು ಪ್ರತಿ ಗೋಡೆಯ ಪಕ್ಕ ಅಳತೆ ಟೇಪು ಹಿಡಿದು ಫೋಟೋ ತೆಗೆದಿಡಿ. ಮುಂದೆ ಕನ್ನಡಿ ತೂಗುಹಾಕಲು ಡ್ರಿಲ್ ಮಾಡುವಾಗ ಪೈಪಿಗೇ ಹೊಡೆಯುವ ಪ್ರಮಾದ ತಪ್ಪುತ್ತದೆ. ಮೂರನೆಯದು, ಹೊರಗೆ ಹೋಗುವ ನಾಲ್ಕಿಂಚಿನ ಪೈಪಿಗೆ ಅಡಿಗೆ ಕಾಲು ಇಂಚು ಇಳಿಜಾರು ಇದೆಯೇ ಎಂದು ಮಟ್ಟದ ಕೋಲಿನಲ್ಲಿ ನಿಮ್ಮ ಎದುರಿಗೇ ನೋಡಲು ಹೇಳಿ.

ನಮ್ಮ ಕಡೆಯ ನೀರಿನ ವಿಚಾರ ತಿಳಿಯದೆ ಪ್ಲಂಬರನ್ನು ದೂರುವುದೂ ಅನ್ಯಾಯ. ಹೊಸಕೋಟೆ ತಾಲ್ಲೂಕನ್ನು ಕೇಂದ್ರ ಅಂತರ್ಜಲ ಮಂಡಳಿ ಅತಿಯಾಗಿ ನೀರೆತ್ತಿದ ತಾಲ್ಲೂಕುಗಳ ಸಾಲಿಗೆ ಸೇರಿಸಿದೆ. ಸಾವಿರ ಅಡಿ ದಾಟಿದ ಬೋರುಗಳಿಂದ ಬರುವ ನೀರು ಗಡಸು. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಒಪ್ಪಬಹುದು. ನಲ್ಲಿಯ ಬಾಯಿಗೆ ಬಿಳಿ ಉಪ್ಪು ಕಟ್ಟುವುದು, ಶವರಿನ ತೂತು ಮುಚ್ಚುವುದು, ಗೀಸರಿನ ಕಾಯಿಲ್ ಸುಡುವುದು ಇವೆಲ್ಲ ಆ ಗಡಸಿನ ಕಾಟ. ತಿಂಗಳಿಗೊಮ್ಮೆ ನಲ್ಲಿಯ ತುದಿಯ ಜಾಲರಿಯನ್ನು ಬಿಚ್ಚಿ ನಿಂಬೆರಸದ ನೀರಿನಲ್ಲಿ ನೆನೆಸಿಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಅಷ್ಟಕ್ಕೆ ಪ್ಲಂಬರನ್ನು ಕರೆಸುವುದು ಏಕೆ? ಹಾಗೆಯೇ, ನೀರಿನ ಪರೀಕ್ಷೆ ಮಾಡಿಸದೆ "ದೊಡ್ಡ ಮಷೀನ್ ಹಾಕಿಸಿ ಅಕ್ಕಾ" ಎಂದು ದುಂಬಾಲು ಬೀಳುವವರ ಮಾತನ್ನು ಕೇಳಬೇಡಿ.

ಗೀಸರಿನ ಪಕ್ಕ ಒಂದು ಸಣ್ಣ ವಾಲ್ ಆಗಾಗ ಹನಿ ಹನಿ ತೊಟ್ಟಿಕ್ಕುತ್ತದೆ, ಗಮನಿಸಿದ್ದೀರಾ? ಒಳಗೆ ಒತ್ತಡ ಹೆಚ್ಚಾದಾಗ ಬಿಟ್ಟುಕೊಡಲೆಂದೇ ಅದನ್ನು ಇಟ್ಟಿರುವುದು. ನೀರು ಪೋಲಾಗುತ್ತಿದೆ ಎಂದು ಅದಕ್ಕೆ ಮುಚ್ಚಳ ಹಾಕಿಸಿದವರನ್ನು ಕಂಡಿದ್ದೇನೆ. ಅದನ್ನು ಮುಚ್ಚಿದರೆ ಗೀಸರ್ ಸಿಡಿಯಬಹುದು. ಯಾವ ಪ್ಲಂಬರ್ ಅದನ್ನು ಮುಚ್ಚಲು ಒಪ್ಪುತ್ತಾರೋ ಅವರನ್ನು ಇನ್ನೊಮ್ಮೆ ಕರೆಯಬೇಡಿ. ಮೋಟರಿನ ವೈರು ಮುಟ್ಟುವ ಕೆಲಸವಿದ್ದರೆ ಎಲೆಕ್ಟ್ರಿಷಿಯನ್ನೇ ಬರಲಿ. ಪಂಚಾಯಿತಿಯ ನೀರಿನ ಲೈನಿಗೂ ಮನೆಯ ಪ್ಲಂಬರ್ ಕೈ ಹಾಕುವಂತಿಲ್ಲ, ಮನೆ ಮನೆಗೆ ಗಂಗೆ ಯೋಜನೆಯ ನಲ್ಲಿಗೆ ನೇರವಾಗಿ ಮೋಟರ್ ಹಾಕಿ ಎಳೆಯುವ ಕೆಟ್ಟ ಚಾಳಿಯನ್ನಂತೂ ಬಿಟ್ಟೇಬಿಡಿ. ನೀವು ಎಳೆದಷ್ಟು ಕೊನೆ ಮನೆಯವರಿಗೆ ಕೊರತೆ.

ಇನ್ನೊಂದು ಮಾತು. ಇದನ್ನು ಹೇಳುವಾಗ ಮಾತ್ರ ನನ್ನ ದನಿ ಗಟ್ಟಿಯಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಕಕ್ಕಸು ಗುಂಡಿ ತುಂಬಿತೆಂದು, ಪೈಪು ಕಟ್ಟಿಕೊಂಡಿತೆಂದು, ಪ್ಲಂಬರಿನ ಜೊತೆ ಬಂದ ಹುಡುಗನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟು ಗುಂಡಿಗೆ ಇಳಿಸುತ್ತೀರಲ್ಲ, ಅದು ಮಹಾಪಾಪ. ಗುಂಡಿಯೊಳಗಿನ ವಿಷಗಾಳಿ ಮೊದಲು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡಿಬಿಡುತ್ತದೆ. ಇಳಿದವನು ಕೂಗುವಷ್ಟರಲ್ಲಿ ಪ್ರಜ್ಞೆ ತಪ್ಪುತ್ತಾನೆ. ಎತ್ತಲು ಇಳಿದವನೂ ಅಲ್ಲೇ ಉಳಿಯುತ್ತಾನೆ. ರಕ್ಷಣಾ ಸಲಕರಣೆ ಇಲ್ಲದೆ ಯಾರನ್ನೇ ಆಗಲಿ ಶೌಚಗುಂಡಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮ್ಯಾನ್‌ಹೋಲಿನಲ್ಲಿ ಸತ್ತವರ ಮನೆಯವರಿಗೆ ಕನಿಷ್ಠ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ ಅಕ್ಟೋಬರ್ 2023ರಲ್ಲಿ ಹೇಳಿದೆ. ಮೂವತ್ತು ಲಕ್ಷ ಕೊಟ್ಟರೆ ಯಾವ ತಾಯಿಗೆ ಮಗ ವಾಪಸು ಬರುತ್ತಾನೆ? ಹೀರುವ ಗಾಡಿ ಕರೆಸಿ. ಆ ಹೂಳನ್ನು ಕೆರೆಕಟ್ಟೆಗೆ ಸುರಿಯದೆ ಸಂಸ್ಕರಿಸುವ ಘಟಕ ನಮ್ಮ ಪಕ್ಕದ ದೇವನಹಳ್ಳಿಯಲ್ಲಿ 2015ರಲ್ಲೇ ಆಗಿದೆ. ಗಾಡಿಯವರನ್ನು ಎಲ್ಲಿ ಸುರಿಯುತ್ತೀರಿ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ.

ನೀರಿನ ಸಂಪಿಗೂ ಎಚ್ಚರ ಬೇಕು. ತಿಂಗಳುಗಟ್ಟಲೆ ಮುಚ್ಚಿದ ಸಂಪಿನೊಳಗೆ ಉಸಿರಾಡುವ ಗಾಳಿ ಸಾಲದೆ ಹೋಗಬಹುದು. ತೊಳೆಸುವ ದಿನ ಬೆಳಿಗ್ಗೆಯೇ ಮುಚ್ಚಳ ತೆಗೆದು ನೀರು ಖಾಲಿ ಮಾಡಿಸಿ, ಒಳಗೆ ಚೆನ್ನಾಗಿ ಗಾಳಿ ಆಡಲು ಬಿಡಿ. ಡೀಸೆಲ್ ಪಂಪನ್ನು ಸಂಪಿನೊಳಗೆ ಇಳಿಸಬೇಡಿ. ಮೇಲೆ ಹಗ್ಗ ಹಿಡಿದು ಒಬ್ಬರು ನಿಂತೇ ಇರಲಿ. ಒಳಗಿನವರು ತಲೆ ಸುತ್ತುತ್ತದೆ ಎಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ.

ನಂಬಿಕೆ ಒಂದು ಕಡೆಯಿಂದ ಬರುವುದಲ್ಲ. ನೀವು ಹೇಗೆ ನಡೆಸಿಕೊಳ್ಳುತ್ತೀರಿ ಎಂದು ಅವರೂ ನೋಡುತ್ತಿರುತ್ತಾರೆ. ನಿಮ್ಮ ಮನೆಯ ಕೊಳೆಗೆ ಕೈ ಹಾಕುವವರನ್ನು "ಏ, ಬಾರೋ ಇಲ್ಲಿ" ಎನ್ನಬೇಡಿ, ಹೆಸರು ಕೇಳಿ, ಬನ್ನಿ ಎನ್ನಿ. ಕಾಫಿ ಕೊಡಲು ಬೇರೆ ಲೋಟ ಎತ್ತಿಡುವ ಪದ್ಧತಿ ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ ಅದನ್ನು ಇವತ್ತೇ ಬಿಡಿ. ಕೈತೊಳೆಯಲು ಸೋಪು, ಮಧ್ಯಾಹ್ನವಾದರೆ ಊಟವಾಯಿತೇ ಎಂಬ ಒಂದು ಮಾತು, ಇಷ್ಟಕ್ಕೆ ನಿಮಗೇನೂ ಖರ್ಚಿಲ್ಲ. ಹಾಗೆಂದು ಬೀಗದ ಕೈ ಕೊಟ್ಟು ಹೊರಗೆ ಹೋಗಬೇಡಿ. ಮನೆಯಲ್ಲಿ ಯಾರಾದರೂ ಇರಲಿ, ಒಬ್ಬರೇ ಹೆಣ್ಣುಮಕ್ಕಳಿದ್ದರೆ ಪಕ್ಕದ ಮನೆಯವರನ್ನು ಕರೆದು ಕೂರಿಸಿಕೊಳ್ಳಿ, ಒಡವೆ ಕಪಾಟು ಮೊದಲೇ ಭದ್ರ ಮಾಡಿ. ಬಂದವರ ಹೆಸರು, ನಂಬರು, ಊರು ಬರೆದುಕೊಳ್ಳುವುದು ಅವಮಾನವಲ್ಲ, ಪ್ರಾಮಾಣಿಕರು ಅದಕ್ಕೆ ಬೇಸರಪಡುವುದೂ ಇಲ್ಲ. ಬಿಲ್ ಕೊಟ್ಟು ಕೆಲಸ ಕೆಡಿಸಿ ತಪ್ಪಿಸಿಕೊಳ್ಳುವವರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಆದರೆ ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಅಲ್ಲಿ ಏನು ಹೇಳುತ್ತೀರಿ?

ಇಷ್ಟು ಓದಿದಿರಲ್ಲ, ಈಗ ಎದ್ದು ಮಹಡಿ ಮೇಲೆ ಹೋಗಿ. ಟ್ಯಾಂಕಿನ ಕೆಳಗಿನ ವಾಲನ್ನು ಒಮ್ಮೆ ಮುಚ್ಚಿ ತೆರೆದು ನೋಡಿ. ಉಪ್ಪು ಕಟ್ಟಿ ಬಿಗಿಯಾಗಿದ್ದರೆ ಪಾನಾ ಹಾಕಿ ಬಲ ಬಿಡಬೇಡಿ, ಮುರಿದೀತು. ಪ್ಲಂಬರನ್ನು ಪರೀಕ್ಷಿಸಲು ಸಣ್ಣ ಕೆಲಸ ಎಂದೆನಲ್ಲ, ಆ ಜಾಗಕ್ಕೆ ಒಂದು ಬಾಲ್ ವಾಲ್ ಹಾಕಿಸುವುದೇ ಆ ಕೆಲಸ ಆಗಲಿ. ಹಿಡಿ ಅರ್ಧ ಸುತ್ತೂ ತಿರುಗಿಸಬೇಕಿಲ್ಲ, ಮಕ್ಕಳ ಕೈಗೂ ಬರುತ್ತದೆ. ಯಾವ ವಾಲ್ ಯಾವ ಕಡೆಗೆ ಎಂದು ಪೇಂಟಿನಲ್ಲಿ ಬರೆಸಿ, ಮನೆಯಲ್ಲಿ ಎಲ್ಲರನ್ನೂ ಕರೆದುಕೊಂಡು ಹೋಗಿ ತೋರಿಸಿ. ಕೆಲಸ ಮೆಚ್ಚಿಗೆಯಾದರೆ ಆ ಪ್ಲಂಬರಿನ ನಂಬರನ್ನು ಫೋನಿನಲ್ಲಷ್ಟೇ ಅಲ್ಲ, ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಯಲ್ಲೂ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ.